ತವರಿಗೆ ಓಡಿಬಂದ ಮೇಷ್ಟ್ರು

ಮೊದಲೇ ಹೇಳಿಬಿಡುತ್ತೇನೆ, ನಾನು ಶಕುನ, ಮಾಟ, ಗಾಳಿ ಸೋಕುವುದು ಇವನ್ನೆಲ್ಲ ನಂಬುವ ಹೆಂಗಸಲ್ಲ. ಬಹಳ ಓದಿಕೊಂಡವಳು ಅಂತಲ್ಲ, ನನಗೆ ಪುರುಸೊತ್ತಿಲ್ಲ ಅಷ್ಟೆ. ಬೆಕ್ಕು ಅಡ್ಡ ಬಂತೆಂದು ಐದು ನಿಮಿಷ ನಿಂತರೆ ಅಷ್ಟರಲ್ಲಿ ನಲ್ಲಿ ನೀರು ಹೋಗಿರುತ್ತದೆ. ಯಾರಾದರೂ ನನ್ನ ಮುಂದೆ ಕೂತು ಹುಣಸೆಮರದ ಕೆಳಗೆ ಹಾಗಾಯಿತು, ಹೀಗಾಯಿತು ಎಂದು ಶುರುಮಾಡಿದರೆ, ಆಗ ಕರೆಂಟ್ ಇತ್ತೇನು ಎಂದು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಅರ್ಧ ಕಥೆಗಳು ಅಲ್ಲೇ ನಿಂತುಹೋಗುತ್ತಿದ್ದವು.

ಅಂಥವಳು ಈಗ ಒಂದು ಕಪ್ಪೆಯ ಸಂಗತಿ ಬರೆಯಲು ಕೂತಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಆಗ ಕರೆಂಟೂ ಇತ್ತು, ನೆತ್ತಿಯ ಮೇಲೆ ಸೂರ್ಯನೂ ಇದ್ದ.

ನಮ್ಮ ಮನೆ ಇರುವುದು ಆಂಧ್ರದ ಗಡಿಯ ರಾಯದುರ್ಗದಲ್ಲಿ. ನಮ್ಮ ಮನೆಯವರು ಇಲ್ಲಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಹೊಲಿದು ಬಂದ ಪ್ಯಾಂಟುಗಳ ದಾರದ ತುದಿಗಳನ್ನು ಕತ್ತರಿಸಿ ಕೊಡುವ ಕೆಲಸ ನಾನು ಮನೆಯಲ್ಲೇ ಮಾಡುತ್ತೇನೆ. ಈ ಮನೆ ಕಟ್ಟಿಸುವಾಗ ಗೋಡೆಗೆ ನೀರು ಹೊಡೆಯಲು ಬೇಕೆಂದು ಮೇಸ್ತ್ರಿ ಹಿತ್ತಲಲ್ಲಿ ನೆಲ ತೋಡಿ ಒಂದು ಸಿಮೆಂಟು ತೊಟ್ಟಿ ಮಾಡಿದ್ದ. ಕೆಲಸ ಮುಗಿದ ಮೇಲೆ ಎಲ್ಲರೂ ಏನು ಮಾಡುತ್ತಾರೆ? ಒಡೆದ ಇಟ್ಟಿಗೆ, ಮಣ್ಣು ತುಂಬಿಸಿ ಮುಚ್ಚುತ್ತಾರೆ. ನಮ್ಮವರು ಮುಚ್ಚಲಿಲ್ಲ. ಮೊದಲ ಮಳೆಗೇ ಎರಡು ನೆಲಗಪ್ಪೆಗಳು ಅದರಲ್ಲಿ ಬಂದು ಕೂತಿದ್ದವಂತೆ. ಗೃಹಪ್ರವೇಶ ನಮಗಿಂತ ಮುಂಚೆ ಅವುಗಳದ್ದೇ ಆಗಿದೆ, ಹೇಗೆ ಹೊರಗೆ ಹಾಕುವುದು ಎಂದರು. ಅವತ್ತು ನಾನು ಸುಮ್ಮನಿದ್ದದ್ದೇ ತಪ್ಪಾಯಿತು.

ಎರಡು ಇದ್ದದ್ದು ಇಪ್ಪತ್ತಾದವು. ಕಪ್ಪೆ ಬಂದ ಮೇಲೆ ನೀರುಹಾವು ಬಾರದೆ ಇರುತ್ತದೆಯೇ? ಅದೂ ಬಂತು. ಹಾವಿನ ಹಿಂದೆ ಮುಂಗುಸಿ ಬಂತು. ಏರೋಪ್ಲೇನ್ ಚಿಟ್ಟೆಗಳು, ನೀರಿನ ಮೇಲೆ ಮುಳುಗದೆ ಓಡಾಡುವ ಹುಳಗಳು, ಬಟ್ಟೆ ಒಣಗಿಸುವ ತಂತಿಯ ಮೇಲೆ ಕೂತು ನನ್ನ ಒಗೆದ ಸೀರೆಯ ಮೇಲೇ ಹಿಕ್ಕೆ ಹಾಕುವ ಒಂದು ಮಿಂಚುಳ್ಳಿ. ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ, ಅದರಲ್ಲಿ ಮೊದಲ ನಾಲ್ಕು ಕೊಡ ಕಪ್ಪೆಗಳಿಗೆ. ಸೊಳ್ಳೆ ಮರಿ ನೋಡಲು ವಾರ್ಡು ಸಚಿವಾಲಯ ಎನ್ನುವ ನಮ್ಮ ಬಡಾವಣೆಯ ಸರ್ಕಾರಿ ಆಫೀಸಿನಿಂದ ಬಂದ ಹುಡುಗಿಯನ್ನೂ ಇವರು ತೊಟ್ಟಿಯ ಕಟ್ಟೆ ಮೇಲೆ ಕೂರಿಸಿ, ಕಪ್ಪೆ ಇರುವ ಕಡೆ ಸೊಳ್ಳೆ ಎಲ್ಲಿಂದ ಬರಬೇಕಮ್ಮ ಎಂದು ಅರ್ಧ ಗಂಟೆ ಪಾಠ ಮಾಡಿ ಕಳಿಸಿದರು.

ಸುಳ್ಳು ಹೇಳಬಾರದು, ನನಗೂ ಅದು ರೂಢಿಯಾಗಿತ್ತು. ಸಂಜೆ ದಾರ ಕತ್ತರಿಸಿ ಕತ್ತರಿಸಿ ಕಣ್ಣು ಉರಿಯುವಾಗ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಕಪ್ಪೆಗಳು ಒಂದೊಂದಾಗಿ ಕಲ್ಲಿನ ಸಂದಿಯಿಂದ ಬಂದು ಬಲ್ಬಿನ ಕೆಳಗೆ ಕೂತು ಹುಳ ನುಂಗುವುದನ್ನು ನೋಡುತ್ತಿದ್ದರೆ ತಲೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಇದನ್ನು ಮಾತ್ರ ಇವರ ಮುಂದೆ ಒಪ್ಪಿಕೊಂಡಿಲ್ಲ.

ಆ ಕಪ್ಪೆಗಳಲ್ಲಿ ಒಂದಕ್ಕೆ ಇವರು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮಳೆಗಾಲದಲ್ಲಿ ಅದು ಮೊದಲು ಕೂಗುವುದು, ಉಳಿದವು ಮಗ್ಗಿ ಒಪ್ಪಿಸಿದ ಹಾಗೆ ಹಿಂದಿನಿಂದ ಕೂಗುವುದು. ಒಂದು ಸಲ ನನ್ನ ಜೀನ್ಸ್ ದಾರವೇ ಅದರ ಹಿಂದಿನ ಎಡಗಾಲಿಗೆ ಸುತ್ತಿಕೊಂಡು ಒಂದು ಬೆರಳು ಉದುರಿಹೋಗಿತ್ತು. ದಾರ ಬಿಡಿಸಿದವಳು ನಾನು, ಬೈಸಿಕೊಂಡವಳೂ ನಾನೇ. ಹಾಗಾಗಿ ನೂರು ಕಪ್ಪೆಗಳ ನಡುವೆ ಇಟ್ಟರೂ ಮೇಷ್ಟ್ರನ್ನು ನಾನು ಗುರುತು ಹಿಡಿಯಬಲ್ಲೆ.

ಇನ್ನು ಅಣ್ಣತಮ್ಮಂದಿರ ವಿಷಯ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಇವರ ಹುಟ್ಟೂರು ಮಡಕಶಿರಾದ ಆಚೆ, ರತ್ನಗಿರಿ ಕೋಟೆಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಇವರ ಅಣ್ಣ, ಅಂದರೆ ನಮ್ಮ ಭಾವನವರು, ರೇಷ್ಮೆ ಬೆಳೆದುಕೊಂಡು ಚೆನ್ನಾಗಿಯೇ ಇದ್ದಾರೆ. ಅವರ ಮಗಳು ಶ್ವೇತಳ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನಮ್ಮ ಮನೆಯವರ ಹೆಸರು ಬಿಟ್ಟುಹೋಯಿತು. ಪ್ರೆಸ್ಸಿನವನ ತಪ್ಪು ಎಂದರು ಭಾವ. ಪ್ರೆಸ್ಸಿನವನಿಗೆ ನನ್ನ ಮೇಲೆ ಏನು ಹಗೆ ಎಂದರು ಇವರು. ಸ್ವಂತ ತಮ್ಮನನ್ನು ಕಾರ್ಡು ಹಾಕಿ ಕರೆಯಬೇಕೇನು ಎಂದರು ಭಾವ. ಕಾರ್ಡಿನಲ್ಲಿ ದೊಡ್ಡಪ್ಪನ ಬೀಗರ ಹೆಸರೂ ಇದೆ ಎಂದರು ಇವರು. ಅಷ್ಟೇ. ಇವರು ಮದುವೆಗೆ ಹೋಗಲಿಲ್ಲ, ಆರು ವರ್ಷ ಮಾತಿಲ್ಲ. ನಾನು ಬೇಡಿದ್ದೇನೆ, ಅತ್ತಿದ್ದೇನೆ, ಎರಡು ದಿನ ಒಲೆ ಹಚ್ಚದೆ ಮಲಗಿದ್ದೇನೆ. ಹೋಟೆಲಿನಿಂದ ಇಡ್ಲಿ ತಂದುಕೊಂಡು ತಿಂದರು.

ಆದರೆ ಮೋಡ ಕಟ್ಟಿದಾಗಲೆಲ್ಲ ಎಲ್ಲೋ ನೋಡುತ್ತಾ "ಆ ಕಡೆ ಮಳಿ ಆತಂತೇನು?" ಎಂದು ನನ್ನನ್ನು ಕೇಳುವರು. ನಾನು ವಾರಗಿತ್ತಿ ಗಂಗಕ್ಕನಿಗೆ ಫೋನ್ ಮಾಡುತ್ತೇನೆ ಎಂಬುದು ಗೊತ್ತಿತ್ತು. ಮಳೆಯ ಸುದ್ದಿ ಹೇಳುವ ನೆವದಲ್ಲಿ ಭಾವನವರ ಮೊಣಕಾಲು ನೋವು, ರೇಷ್ಮೆಹುಳು ಮನೆಯ ಸುದ್ದಿ ಎಲ್ಲ ನಾನು ಹೇಳಬೇಕು, ಇವರು ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಳ್ಳಬೇಕು. ಇಂಥ ಗಂಡಸರ ನಡುವೆ ಬಾಳುವುದು ಎಷ್ಟು ಬೇಸರದ ಕೆಲಸ ಎಂಬುದನ್ನು ಬಾಳಿದವರೇ ಬಲ್ಲರು.

ಮೂರು ವರ್ಷದ ಹಿಂದಿನ ಮಾತು. ಪುನರ್ವಸು ಮಳೆ ಅರ್ಧ ಕಳೆದರೂ ಎರಡೂ ಕಡೆ ಹನಿ ಇರಲಿಲ್ಲ. ಒಂದು ದಿನ ಗಂಗಕ್ಕ ಫೋನ್ ಮಾಡಿ, ಊರಲ್ಲಿ ಕಪ್ಪೆ ಮದುವೆ ಮಾಡುತ್ತಿದ್ದೇವೆ, ಯಜಮಾನಿಕೆ ನಮ್ಮ ಮನೆಗೇ ಬಂದಿದೆ, ಗಂಡು ಸಿಕ್ಕಿದೆ, ಹೆಣ್ಣು ಬೇಕು ಎಂದಳು. ಅಷ್ಟು ದೊಡ್ಡ ಊರಿನಲ್ಲಿ ಇನ್ನೊಂದು ಕಪ್ಪೆ ಸಿಗಲಿಲ್ಲವೇ ಎಂದೆ. "ಒಂದೇ ಕುಂಟೆ ನೀರಿನವು ಅಣ್ಣತಂಗಿ ಆಯ್ತಾವೆ ಕಣಮ್ಮ, ಹೆಣ್ಣು ಬೇರೆ ಊರಿಂದ್ಲೇ ಬರ್ಬೇಕು. ನಿಮ್ಮನೆ ತೊಟ್ಟೀಲಿ ಇದ್ದಾವಲ್ಲ" ಎಂದಳು. ಆಷಾಢದಲ್ಲಿ ಯಾರಾದರೂ ಮದುವೆ ಮಾಡುತ್ತಾರಾ ಎಂದು ಕೇಳಿದೆ. ಕಪ್ಪೆಗೆ ಆಷಾಢ ಇಲ್ಲವಂತೆ.

ಇವರನ್ನು ಕೇಳಿದರೆ ಕೊಡುವುದಿಲ್ಲ ಎಂಬುದು ಖಂಡಿತ. ಅಣ್ಣನೇ ಬಂದು ಬಾಯಿಬಿಟ್ಟು ಕೇಳಲಿ ಅನ್ನುವರು, ಅಣ್ಣ ಬರುವವನಲ್ಲ. ಗುರುವಾರ ಮಧ್ಯಾಹ್ನ ಇವರು ಯೂನಿಟ್ಟಿಗೆ ಹೋಗಿದ್ದಾಗ ಗಂಗಕ್ಕ ಎರಡು ಬಸ್ಸು ಬದಲಿಸಿ ಬಂದಳು. ಊಟದ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು, ಒದ್ದೆ ಬಟ್ಟೆ ಹಾಸಿ ತಂದಿದ್ದಳು. ಹಗಲಲ್ಲಿ ಕಪ್ಪೆಗಳೆಲ್ಲ ಕಲ್ಲಿನಡಿ ಸೇರಿರುತ್ತವೆ. ನಾನು ಒಂದು ಕಲ್ಲು ಎತ್ತಿದೆ, ಅಲ್ಲಿ ಮೇಷ್ಟ್ರು ಕೂತಿತ್ತು. ಬೇರೆ ಕಲ್ಲು ಎತ್ತಬಹುದಾಗಿತ್ತು. ಸೊಂಟ ನೋಯುತ್ತಿತ್ತು, ಗಂಗಕ್ಕನ ಬಸ್ಸಿಗೆ ಹೊತ್ತಾಗಿತ್ತು, ಅದನ್ನೇ ಹಿಡಿದು ಡಬ್ಬಿಗೆ ಹಾಕಿದೆ.

"ಹೆಣ್ಣೇ ತಾನೆ?" ಎಂದು ಗಂಗಕ್ಕ ಕೇಳಿದಳು. ಕೂಗುವುದು ಗಂಡು ಕಪ್ಪೆ ಮಾತ್ರ ಎಂದು ಇವರು ನನಗೆ ಸಾವಿರ ಸಲ ಹೇಳಿದ್ದರು. ಬೀದಿಗೆಲ್ಲ ಕೇಳುವಂತೆ ಕೂಗುವ ಮೇಷ್ಟ್ರನ್ನು ಕೈಯಲ್ಲಿ ಹಿಡಿದುಕೊಂಡು ನಾನು ಹೂಂ ಎಂದೆ. ಕಪ್ಪೆಗೆ ಮದುವೆ ಮಾಡಿದರೆ ಮಳೆ ಬರುತ್ತದೆ ಎಂಬುದನ್ನೇ ನಂಬದವಳಿಗೆ ಅದು ಗಂಡಾದರೇನು, ಹೆಣ್ಣಾದರೇನು ಎನ್ನಿಸಿತು.

ಆ ಸಂಜೆ ಇವರು ಟಾರ್ಚ್ ಹಿಡಿದು ಹಿತ್ತಲೆಲ್ಲ ಹುಡುಕಿದರು. ಬಾಗಿಲಿಗೆ ಬಂದು, ಮೇಷ್ಟ್ರು ಕಾಣ್ತಿಲ್ಲ, ಹಾವು ಹೊಡೀತೇನೋ ಎಂದರು. ಮುಖ ಸಣ್ಣಗಾಗಿತ್ತು. ನಾನು ತಟ್ಟೆ ಹಾಕಿದೆ. ಎಲ್ಲಾದರೂ ಇರತೈತಿ, ಊಟ ಮಾಡ್ರಿ ಎಂದೆ.

ಶುಕ್ರವಾರ ಹನ್ನೊಂದೂವರೆಗೆ ಶ್ವೇತ ವಿಡಿಯೋ ಕಾಲ್ ಮಾಡಿದಳು. ಇವರು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದರು. ನಾನು ಫೋನನ್ನು ಪ್ಯಾಂಟುಗಳ ರಾಶಿಗೆ ಒರಗಿಸಿಟ್ಟು ದಾರ ಕತ್ತರಿಸುತ್ತಲೇ ನೋಡಿದೆ. ಚಪ್ಪರ ಹಾಕಿದ್ದರು, ಡೋಲು ತರಿಸಿದ್ದರು, ಹೆಂಗಸರು ಸೋಬಾನೆ ಹೇಳುತ್ತಿದ್ದರು. ಎರಡು ಕಪ್ಪೆಗಳನ್ನು ಮಣೆಯ ಮೇಲೆ ಇಟ್ಟು ಗಂಗಕ್ಕ ಬೆನ್ನಿಗೆ ಅರಿಶಿನ ಹಚ್ಚಿದಳು. ಕಪ್ಪೆಗೆ ಕುತ್ತಿಗೆ ಎಲ್ಲಿದೆ, ತಾಳಿಯ ಬದಲು ಅರಿಶಿನದ ದಾರವನ್ನು ಭಾವನವರು ಹೆಣ್ಣಿನ ಹಿಂದಿನ ಬಲಗಾಲಿಗೆ ಕಟ್ಟಿದರು. ಬಿಗಿಯಾಗಿ ಕಟ್ಟಬೇಡಿ, ಕಾಲಿಗೆ ಪೆಟ್ಟಾಗುತ್ತದೆ ಎಂದು ನಾನು ಇಲ್ಲಿಂದ ಕೂಗಿದೆ. ಶ್ವೇತ ಅದನ್ನು ಅವರಿಗೆ ಹೇಳಿದಳು, ಅವರು ಸಡಿಲ ಮಾಡಿ ಮತ್ತೆ ಗಂಟು ಹಾಕಿದರು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಆ ವಿಡಿಯೋ ಹಿಂದಿನ ದಿನದ್ದಿರಬಹುದು ಎಂದು ಆಮೇಲೆ ಬಹಳ ಜನ ನನಗೆ ಬುದ್ಧಿ ಹೇಳಿದ್ದಾರೆ. ನಾನು ಮಾತಾಡಿದ್ದಕ್ಕೆ ಅಲ್ಲಿಂದ ಉತ್ತರ ಬಂದಿದೆ. ಆಮೇಲೆ ಮೊರದಲ್ಲಿ ಇಬ್ಬರನ್ನೂ ಮೆರವಣಿಗೆ ಮಾಡಿಸಿ ಕುಂಟೆಗೆ ಒಯ್ದರು. ಕುಂಟೆಯ ತಳದಲ್ಲಿ ಸ್ವಲ್ಪ ಕೆಸರು ನೀರಿತ್ತು. ಮೊರ ಓರೆ ಮಾಡಿದರು, ಬೆರಳಿಲ್ಲದ ಎಡಗಾಲು ಚಾಚಿ ಮೇಷ್ಟ್ರು ನೀರಿಗೆ ಜಿಗಿದದ್ದನ್ನು ಈ ಕಣ್ಣಿಂದಲೇ ನೋಡಿದೆ. ಎಲ್ಲರೂ ಹೋ ಎಂದರು. ಫೋನ್ ಕಟ್ಟಾಯಿತು. ಹನ್ನೆರಡೂ ಇಪ್ಪತ್ತು.

ಸದ್ಯ ಮುಗಿಯಿತಲ್ಲ ಎಂದು ಎದ್ದೆ. ಕೈಗೆ ಹತ್ತಿದ ಜೀನ್ಸಿನ ನೀಲಿ ತೊಳೆಯಲು ಹಿತ್ತಲ ಬಾಗಿಲು ತೆಗೆದೆ.

ತೊಟ್ಟಿಯ ಕಟ್ಟೆಯ ಮೇಲೆ, ಸುಡುವ ಬಿಸಿಲಿನಲ್ಲಿ, ಮೇಷ್ಟ್ರು ಕೂತಿತ್ತು. ಬೆನ್ನ ತುಂಬ ಅರಿಶಿನ, ಬಲಗಾಲಿಗೆ ಹಳದಿ ದಾರ.

ನಾನು ಕಿರುಚಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಎಷ್ಟು ಕಷ್ಟಪಟ್ಟು, ಎಷ್ಟು ಸುಳ್ಳು ಹೇಳಿ ಕಳಿಸಿದ್ದೇನೆ, ನೀನು ಇಲ್ಲಿ ಏನು ಮಾಡುತ್ತಿದ್ದೀ ಎಂದು ಅದನ್ನು ಗಟ್ಟಿಯಾಗಿ ಬೈದೇಬಿಟ್ಟೆ. ಬೈದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಮೆಟ್ಟಿಲ ಮೇಲೆ ಕೂತೆ. ಅದು ಗಂಟಲು ಮಿಡಿಯುತ್ತಾ ನನ್ನನ್ನು ನೋಡುತ್ತಿತ್ತು. ಹತ್ತಿರ ಹೋಗಿ ಬೆನ್ನು ಮುಟ್ಟಿದೆ, ಅರಿಶಿನ ಇನ್ನೂ ಹಸಿಯಾಗಿತ್ತು, ಬೆರಳಿಗೆ ಹತ್ತಿತು. ಎಡಗಾಲಿನ ಬೆರಳು ನೋಡಿದೆ. ಇರಲಿಲ್ಲ.

ಆ ಊರಿನಿಂದ ನಮ್ಮೂರಿಗೆ ಪಾವಗಡ, ಕಲ್ಯಾಣದುರ್ಗದ ಮೇಲೆ ಬಸ್ಸಿನಲ್ಲಿ ಬರಲು ಏನಿಲ್ಲವೆಂದರೂ ಐದು ತಾಸು ಬೇಕು. ನಾನು ಫೋನ್ ಕೆಳಗಿಟ್ಟು ಬಾಗಿಲು ತೆಗೆಯಲು ಎರಡು ನಿಮಿಷ ಆಗಿರಬಹುದು. ನಮ್ಮ ಹಿತ್ತಲಿಗೆ ಮನೆಯೊಳಗಿನಿಂದ ಬಿಟ್ಟರೆ ಬೇರೆ ದಾರಿಯಿಲ್ಲ, ಕಾಂಪೌಂಡ್ ಮೇಲೆ ಗಾಜು ನೆಡಿಸಿದ್ದೇವೆ. ಅದರ ಫೋಟೋ ತೆಗೆದು ಗಂಗಕ್ಕನಿಗೆ ಕಳಿಸಿದೆ. ಅದು ನಾನು ಮಾಡಿದ ಎರಡನೆಯ ತಪ್ಪು. ಗಂಗಕ್ಕ ಅದನ್ನು ನೋಡಿ ತನ್ನಷ್ಟಕ್ಕೆ ಇಟ್ಟುಕೊಳ್ಳುತ್ತಾಳೆ ಎಂದು ಯಾಕೆ ಅಂದುಕೊಂಡೆನೋ. ಚಪ್ಪರದ ಕೆಳಗೆ ಊಟಕ್ಕೆ ಕೂತಿದ್ದವರೆಲ್ಲ ನೋಡಿದರು.

ಎರಡು ಗಂಟೆಗೆ ಊಟಕ್ಕೆ ಬಂದ ಇವರು ಮೇಷ್ಟ್ರನ್ನು ಕಂಡರು. ನಾನು ಎಲ್ಲ ಹೇಳಿದೆ. ಇಷ್ಟು ದೊಡ್ಡ ಅದ್ಭುತವನ್ನು ಕೇಳಿ ಈ ಮನುಷ್ಯ ಬೆರಗಾಗಬೇಕೋ ಬೇಡವೋ? "ನನ್ನ ಕೇಳದೆ ಯಾಕ ಕೊಟ್ಟಿ?" ಎಂದರು. ಅಷ್ಟೇ ಅವರಿಗೆ ಮುಖ್ಯವಾದದ್ದು. ಅವತ್ತಿಡೀ ನನ್ನ ಜೊತೆಯೂ ಮಾತು ಬಿಟ್ಟರು. ಅದೇ ಸಂಜೆ ರಾಯದುರ್ಗದಲ್ಲಿ ಚರಂಡಿ ಉಕ್ಕುವಂಥ ಮಳೆ ಬಿತ್ತು. ಮದುವೆ ಮಾಡಿದ ಊರಿನಲ್ಲಿ ಒಂದು ಹನಿ ಇಲ್ಲ. ಗಂಗಕ್ಕ ಫೋನ್ ಮಾಡಿ ಅತ್ತಳು. ಆಷಾಢದಲ್ಲಿ ಹೊಸ ಸೊಸೆ ಅತ್ತೆಮನೆಯಲ್ಲಿ ಇರಬಾರದು, ಅದು ಕಪ್ಪೆಗೆ ಗೊತ್ತಿತ್ತು, ನಮಗೆ ಗೊತ್ತಾಗಲಿಲ್ಲ, ತವರಿಗೆ ಹೋಗುವಾಗ ಮಳೆಯನ್ನೂ ಕರೆದುಕೊಂಡು ಹೋಯಿತು ಎಂದು ಊರವರು ಅನ್ನುತ್ತಿದ್ದಾರಂತೆ. ಹಾಗಾದರೆ ಶ್ರಾವಣದಲ್ಲಿ ಬಂದು ಕರೆದುಕೊಂಡು ಹೋಗಿ ಎಂದೆ. ಬಿತ್ತನೆ ಅಲ್ಲಿವರೆಗೂ ಕಾಯ್ತದಾ ಎಂದಳು. ಗಂಡಿನ ಕಡೆಯ ಹಿರಿಯರೇ ಹೋಗಿ, ಹೆಣ್ಣಿನ ತಂದೆಯನ್ನು ಒಪ್ಪಿಸಿ, ಅವನನ್ನೂ ಜೊತೆಗೆ ಕರೆದುಕೊಂಡು ಬರಬೇಕೆಂದು ಊರಿನಲ್ಲಿ ತೀರ್ಮಾನವಾಗಿತ್ತು. ಗಂಡಿನ ಕಡೆಯ ಹಿರಿಯ ಎಂದರೆ ಭಾವನವರು. ಹೆಣ್ಣಿನ ತಂದೆ ಎಂದರೆ, ಶಿವನೇ, ನಮ್ಮ ಮನೆಯವರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಭಾವನವರು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಒಂದು ಹಸಿರು ಕುಬಸದ ಬಟ್ಟೆ. ಇವರು ವರಾಂಡದಲ್ಲೇ ಕೂತಿದ್ದರು. ಇಬ್ಬರ ನಡುವೆ ಹತ್ತು ಹೆಜ್ಜೆ ಇಲ್ಲ.

"ಅವನಿದ್ದಾನೇನಮ್ಮ ಮನೇಲಿ?" ಎಂದು ಭಾವ ನನ್ನನ್ನು ಕೇಳಿದರು.

"ಏನು ಕೆಲಸ ಅಂತ ಕೇಳು" ಎಂದು ಇವರು ನನಗೆ ಹೇಳಿದರು.

ನನಗೆ ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಎನ್ನಿಸಿತು. ಒಳಗೆ ಬರ್ರಿ ಭಾವ, ಕಪ್ಪಿ ಹಿತ್ತಲದಾಗ ಐತಿ, ನೋಡಿ ನೀವೇ ಮಾತಾಡ್ಕೊಳ್ರಿ ಎಂದು ಅವರ ಕೈಯಿಂದ ಚೀಲ ಕಿತ್ತುಕೊಂಡು ಒಳಗೆ ನಡೆದೆ. ಭಾವ ಹಿಂದೆ ಬಂದರು. ಅವರ ಹಿಂದೆ, ಸ್ವಲ್ಪ ಹೊತ್ತು ಬಿಟ್ಟು, ಇವರೂ ಬಂದರು.

ಮೇಷ್ಟ್ರು ಕಟ್ಟೆಯ ನೆರಳಿನಲ್ಲಿ ಇತ್ತು. ಮಳೆಗೆ ಅರಿಶಿನ ತೊಳೆದುಹೋಗಿ ಅಲ್ಲಲ್ಲಿ ಉಳಿದಿತ್ತು. ಇದು ಬೇರೆ ಕಪ್ಪೆ, ನನ್ನನ್ನು ಇಲ್ಲಿವರೆಗೆ ಬರಿಸಲು ಮಾಡಿದ ಆಟ ಎಂದು ಸಾಧಿಸಬೇಕೆಂದೇ ಭಾವ ಬಂದಿದ್ದರೇನೋ. ಕನ್ನಡಕ ಹಾಕಿಕೊಂಡು, ನೋಯುವ ಮೊಣಕಾಲನ್ನು ಹೇಗೋ ಮಡಿಸಿ ಕೂತು, ಕಪ್ಪೆಯನ್ನು ಅಂಗೈ ಮೇಲೆ ಎತ್ತಿಕೊಂಡು ದಾರ ನೋಡಿದರು. ಬಹಳ ಹೊತ್ತು ನೋಡಿದರು. ಮುಖದ ಬಣ್ಣ ಹೋಯಿತು.

"ಈ ಗಂಟು ನಂದೇ ಕಣಮ್ಮ" ಎಂದರು. "ನಮ್ಮಪ್ಪ ಹೇಳ್ಕೊಟ್ಟಿದ್ದು. ಕುರಿಮರಿ ಕಟ್ಟೋ ಗಂಟು. ನಾನೇ ಹಾಕಿದ್ದು ಇದನ್ನ."

ಕೈ ನಡುಗುತ್ತಿತ್ತು. ಕಪ್ಪೆಯೂ ಅದರ ಜೊತೆಗೆ ನಡುಗುತ್ತಿತ್ತು. ಆಗ ಇವರು ಮುಂದೆ ಬಂದು ಅಣ್ಣನ ಕೈಯ ಕೆಳಗೆ ತಮ್ಮ ಕೈ ಹಿಡಿದರು.

"ಯಾಕಣ್ಣ, ಕೈ ಹಿಂಗೆ ನಡುಗ್ತಾವೆ?" ಎಂದರು. ಆರು ವರ್ಷದ ಮೇಲಿನ ಮೊದಲ ಮಾತು ಅದು.

"ಒಂದು ವರ್ಷ ಆಯ್ತು ಕಣೋ" ಎಂದರು ಭಾವ. "ಲೋಟ ಹಿಡಿಯಕ್ಕೂ ಆಗಲ್ಲ ಒಂದೊಂದಿನ."

ಗಂಗಕ್ಕ ನನಗೆ ಇದನ್ನು ಹೇಳಿರಲಿಲ್ಲ. ಹೇಳಬೇಡ ಎಂದು ಆಣೆ ಹಾಕಿಸಿದ್ದರಂತೆ, ತಮ್ಮನಿಗೆ ಗೊತ್ತಾದರೆ ಮರುಕಪಡುತ್ತಾನೆ ಎಂದು. ಇವರ ಕಣ್ಣು ತುಂಬಿಬಂತು. ನನಗೂ ತಡೆಯಲಿಲ್ಲ. ಇದೇ ಒಳ್ಳೆಯ ಸಮಯ ಎಂದುಕೊಂಡು, ಮನಸ್ಸಿನಲ್ಲಿ ಕೊರೆಯುತ್ತಿದ್ದ ಇನ್ನೊಂದನ್ನೂ ಹೇಳಿಬಿಟ್ಟೆ, ಹೆಣ್ಣು ಎಂದು ಕಳಿಸಿದ್ದು ಹೆಣ್ಣಲ್ಲ ಎಂದು. ಭಾವನವರಿಗೆ ಅರ್ಥವಾಗಲಿಲ್ಲ. ಇವರು ಅಣ್ಣನ ಮುಖ ನೋಡಿ, ಮೇಷ್ಟ್ರಿಗೆ ಸೋಬಾನೆ ಹೇಳ್ಸಿದ್ರಾ ಎಂದು ಕೇಳಿದರು. ಭಾವ ಒಂದು ಕ್ಷಣ ಹುಬ್ಬು ಗಂಟಿಕ್ಕಿದರು. ಊರಿನ ಮುಂದೆ ಪಂಚೆ ಉಟ್ಟು, ಪೇಟ ಸುತ್ತಿ ತಾವೇ ಮುಂದೆ ನಿಂತು ಮಾಡಿಸಿದ ಮದುವೆ. ಆಮೇಲೆ ಅವರ ಹೊಟ್ಟೆ ಕುಲುಕಿತು. ಇಬ್ಬರೂ ತೊಟ್ಟಿಯ ಕಟ್ಟೆ ಹಿಡಿದುಕೊಂಡು, ಕೆಮ್ಮಿ, ಕಣ್ಣೀರು ಒರೆಸಿಕೊಂಡು ನಕ್ಕರು. ನಾನು ಆರು ವರ್ಷ ಅತ್ತು ಕರೆದು ಮಾಡಲಾಗದ್ದನ್ನು ನನ್ನ ಒಂದು ಸುಳ್ಳು ಮಾಡಿತು ಎಂದು ಖುಷಿಪಡಬೇಕೋ, ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅನ್ನಕ್ಕೆ ಇಡಲು ಒಳಗೆ ಹೋದೆ.

ಗಂಡೋ ಹೆಣ್ಣೋ ಊರಿಗೆ ತಿಳಿಯುವುದು ಬೇಡ, ಕೊಟ್ಟ ಮಾತಿಗೆ ಒಮ್ಮೆ ಕರೆದುಕೊಂಡು ಹೋಗಿ ಬಿಡೋಣ ಎಂದು ಇಬ್ಬರೂ ಒಪ್ಪಿದರು. ನಾನು ಕುಬಸದ ಬಟ್ಟೆಯನ್ನು ಡಬ್ಬಿಗೆ ಸುತ್ತಿ, ಮಡಿಲಕ್ಕಿ ಎಂದು ನಾಲ್ಕು ಕಾಳು ಅಕ್ಕಿ ಹಾಕಿ ಕೊಟ್ಟೆ. ಅಣ್ಣನ ಮಗಳ ಮದುವೆಗೆ ಹೋಗದ ಮನುಷ್ಯ ಕಪ್ಪೆಯನ್ನು ಗಂಡನ ಮನೆಗೆ ಬಿಡಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಂದು ಗಂಟೆಯ ಬಸ್ಸಿಗೆ ಹೋದರು.

ಅವತ್ತಿನಿಂದ ಇದನ್ನು ಎಷ್ಟು ಬಗೆಯಲ್ಲಿ ಯೋಚಿಸಿದ್ದೇನೋ. ಕುರಿಮರಿ ಕಟ್ಟುವ ಗಂಟು ಅಪ್ಪ ಕಲಿಸಿದ್ದಾದರೆ ನಮ್ಮ ಮನೆಯವರಿಗೂ ಅದು ಬರಬೇಕು ಎಂದು ನನಗೆ ಆಮೇಲೆ ಹೊಳೆಯಿತು. ಕೇಳಿದೆ. ಬರುತ್ತದೆ, ಅದಕ್ಕೇನೀಗ ಎಂದರು. ಆದರೆ ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಅವರು ಕಟಿಂಗ್ ಟೇಬಲ್ ಬಿಟ್ಟು ಕದಲಿಲ್ಲ ಎಂದು ಯೂನಿಟ್ಟಿನ ಹತ್ತು ಜನ ಹೇಳುತ್ತಾರೆ. ಅವರಿಗೆ ಮದುವೆಯ ವಿಷಯವೇ ಗೊತ್ತಿರಲಿಲ್ಲ. ಗೊತ್ತಿದ್ದರೂ ಇನ್ನೊಂದು ಕಪ್ಪೆಯ ಅದೇ ಬೆರಳು ಹೇಗೆ ಕಳೆಯುತ್ತಾರೆ? ಬಿಸಿಲಿಗೆ ನನಗೆ ತಲೆ ತಿರುಗಿತು ಎನ್ನೋಣವೆಂದರೆ ಫೋಟೋ ಇದೆ, ಈಗಲೂ ಫೋನಿನಲ್ಲಿದೆ. ಗಂಗಕ್ಕ ಆಷಾಢ ಎನ್ನುತ್ತಾಳೆ. ಭಾವನವರು ಅದರ ಮಾತೆತ್ತಿದರೆ ಎದ್ದುಹೋಗುತ್ತಾರೆ. ಮುಂದೆ ಎರಡೂ ಕಡೆ ಮಳೆ ಬಂತು, ಬರುವ ಕಾಲಕ್ಕೆ ಬಂತು, ಅದನ್ನು ನಾನು ಯಾರ ಲೆಕ್ಕಕ್ಕೂ ಹಾಕುವುದಿಲ್ಲ.

ಇನ್ನು ಒಂದು ಉಳಿದಿದೆ. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಮನೆಯವರು ತೆಲುಗು ಮೀಡಿಯಮ್ಮಿನಲ್ಲಿ ಓದಿದವರು, ಕನ್ನಡ ಮಾತಾಡುತ್ತಾರೆಯೇ ಹೊರತು ಓದುವುದಿಲ್ಲ, ಹಾಗಾಗಿ ಇಲ್ಲಿ ಬರೆದರೆ ಭಯವಿಲ್ಲ.

ಆ ಶನಿವಾರ ಸಂಜೆ ಏಳೂವರೆಗೆ ಇವರ ಫೋನ್ ಬಂತು. ಹೋಗಿ ಮುಟ್ಟಿದ್ದರು, ಊರವರ ಎದುರಿಗೆ ಕಪ್ಪೆಯನ್ನು ಕುಂಟೆಗೆ ಬಿಟ್ಟಿದ್ದರು. ಅದು ನೀರಿಗೆ ಹೋದದ್ದಷ್ಟೇ, ಆಮೇಲೆ ಬ್ಯಾಟರಿ ಹಾಕಿ ಎಷ್ಟು ಹುಡುಕಿದರೂ ಇಲ್ಲ. ಹಿಂದೆ ಗದ್ದಲ ಕೇಳಿಸುತ್ತಿತ್ತು. ಭಾವನವರ ದನಿಯೂ ಇತ್ತು, "ಅವನ ಮನೇಲೇ ಐತೆ ಬಿಡ್ರಿ, ಮತ್ತೆ ನನ್ನನ್ನ ಬಸ್ಸು ಹತ್ತಿಸಿ ಬರಿಸ್ಕೋಬೇಕು ಅವನಿಗೆ" ಎನ್ನುತ್ತಿದ್ದರು. ನಗುತ್ತಾ ಹೇಳಿದ ಮಾತಲ್ಲ ಅದು. ಊರವರ ಮುಂದೆ ಮತ್ತೆ ತಲೆ ತಗ್ಗಿತಲ್ಲ ಎಂಬ ಸಿಟ್ಟು ಅದರಲ್ಲಿತ್ತು. ನನ್ನ ಜೊತೆ ಮಾತಾಡುತ್ತಿದ್ದ ಇವರ ದನಿಯೂ ಗಟ್ಟಿಯಾಯಿತು. ಲಗ್ನಪತ್ರಿಕೆ ಕೈಗೆ ಬಂದ ದಿನ ಕೇಳಿದ್ದ ದನಿ. "ಹಿತ್ತಲಕ್ಕ ಹೋಗಿ ನೋಡು. ಐತೋ ಇಲ್ಲೋ ನೋಡಿ ಹೇಳು. ಫೋನ್ ಸ್ಪೀಕರಿಗೆ ಹಾಕೀನಿ, ಎಲ್ಲಾರ್ಗೂ ಕೇಳ್ಲಿ" ಎಂದರು.

ನಾನು ಎದ್ದು ಹಿತ್ತಲ ಬಾಗಿಲವರೆಗೆ ಹೋದೆ. ಹೊರಗೆ ಕಪ್ಪೆಗಳು ಕೂಗುತ್ತಿದ್ದವು. ಯಾವುದರ ದನಿ ಯಾವುದು ಎಂದು ಕಿವಿಗೊಡಬಾರದೆಂದು ಅಡುಗೆಮನೆಯ ಮಿಕ್ಸಿ ಹಾಕಿದೆ, ಒಳಗೆ ಏನೂ ಇರಲಿಲ್ಲ, ಬರಿದೇ ತಿರುಗಿತು. ಚಿಲಕದ ಮೇಲೆ ಇಟ್ಟ ಕೈ ತೆಗೆದೆ. ಮಿಕ್ಸಿ ನಿಲ್ಲಿಸಿ, ವರಾಂಡಕ್ಕೆ ಬಂದು, ಫೋನ್ ಬಾಯಿಗೆ ಹಿಡಿದೆ.

"ನೋಡಿದೆ. ಇಲ್ರಿ. ಇಲ್ಲಿ ಏನೂ ಇಲ್ಲ. ಹೆಂಗೂ ಹೋಗೀರಲ್ಲ, ಭಾವನ್ನ ದವಾಖಾನಿಗೆ ತೋರಿಸ್ಕೊಂಡು ಆಮೇಲೆ ಬರ್ರಿ" ಎಂದೆ.

ಆ ಕಡೆ ಯಾರೋ ನಕ್ಕರು. ಕುಂಟೆಯಲ್ಲೇ ಎಲ್ಲೋ ಕೆಸರಲ್ಲಿ ಹೂತುಕೊಂಡಿರತ್ತೆ ಬಿಡೋ, ಮುದ್ದೆ ಆರೋಗ್ತದೆ ಬಾ ಎಂದು ಭಾವ ಕರೆಯುವುದು ಕೇಳಿಸಿತು. ಇಡ್ತೀನಿ, ಅಣ್ಣ ಕರೀತಾನೆ ಎಂದು ಇವರು ಫೋನ್ ಇಟ್ಟರು.

ಇವರು ಅಲ್ಲಿ ನಾಲ್ಕು ದಿನ ಇದ್ದರು. ಆ ನಾಲ್ಕು ದಿನವೂ ನಾನು ಹಿತ್ತಲ ಬಾಗಿಲು ತೆಗೆಯಲಿಲ್ಲ, ಪಾತ್ರೆಗಳನ್ನೆಲ್ಲ ಬೀದಿ ಕಡೆಯ ಮೆಟ್ಟಿಲ ಮೇಲೇ ಕೂತು ತೊಳೆದೆ.